ಬದುವಿನ ಹಲಸಿನ ಮರ

ಸ್ನೇಹಿತರೇ, ಇವತ್ತು ಸಾಸಲು ಊರಿನ ನಮ್ಮ ಹೊಲಕ್ಕೆ ಬೇಲಿ ಹಾಕಿಸಲೆಂದು ನಾವೇ ಕರೆಸಿದ್ದ ಸರ್ವೆಯವರ ಜೊತೆ ಅಮ್ಮ ಜಗಳಕ್ಕೇ ನಿಂತಳು. ಬದುವಿನ ಹಲಸಿನ ಮರ ಪಕ್ಕದ ಹೊಲದ ಮುನಿಯಪ್ಪನವರದ್ದು ಎಂದುಬಿಟ್ಟಿದ್ದರು ಅವರು.

"ಮೂವತ್ತು ವರ್ಷದಿಂದ ಹಣ್ಣು ಕೀಳ್ತಿರೋರು ನಾವು. ಇನ್ನೊಂದ್ಸಲ ಅಳೀರಿ!"

ಮತ್ತೆ ಅಳೆದರು. ಮರ ಮುನಿಯಪ್ಪನವರ ಕಡೆಗೇ ಆರಡಿ ಒಳಗಿತ್ತು.

ಮುನಿಯಪ್ಪ ಹೋದ ತಿಂಗಳು ತೀರಿಕೊಂಡರು. ಮನೆಯೊಳಗೆ ನಿಲ್ಲುವ ಮನುಷ್ಯನೇ ಅಲ್ಲ. ಊಟ, ನಿದ್ದೆ ಎಲ್ಲ ಬಯಲಲ್ಲೇ. ಮಧ್ಯಾಹ್ನ ಟವೆಲ್ಲು ಕೊಡವಿ, "ಅಕ್ಕಾ, ನಿಮ್ ಮರದ್ ಕೆಳಗೆ ಒಂಚೂರು ಮಲಕ್ಕೊಳ್ಲಾ?" ಎಂದು ಕೇಳಿಯೇ ಮಲಗುತ್ತಿದ್ದರು. ವರ್ಷಕ್ಕೊಂದು ಹಣ್ಣು ಕಳಿಸಿದರೆ ಎರಡೂ ಕೈಯಲ್ಲಿ ಈಸಿಕೊಳ್ಳುತ್ತಿದ್ದರು.

ಅಳತೆ ನೋಡುತ್ತ ನಿಂತಿದ್ದ ಅವರ ಹೆಂಡತಿ ಲಕ್ಷ್ಮಮ್ಮ ಮೆಲ್ಲಗೆ ಅಂದರು: "ಅವ್ರಿಗೆ ಗೊತ್ತಿತ್ತು ಕಣಕ್ಕಾ. ನೀವು ಹೊಲ ತಗೊಳ್ಳೋಕ್ ಮುಂಚೆ ಸಸಿ ನೆಟ್ಟಿದ್ದೇ ಅವ್ರು. 'ನಂಗೆ ನೆರಳು ಸಾಕು, ಹಣ್ಣು ಆ ಮಕ್ಳು ತಿನ್ಲಿ, ನೀನು ಬಾಯಿ ಬಿಡ್ಬೇಡ' ಅಂದಿದ್ರು."

ಅಮ್ಮ ಮರಕ್ಕೆ ಕೈ ಮುಗಿದಳು.

ಮೂವತ್ತು ವರ್ಷ, ಅವರದೇ ಮರದ ಕೆಳಗೆ ಮಲಗಲು ಅವರಿಗೆ ಅಪ್ಪಣೆ ಕೊಟ್ಟಿದ್ದೇವೆ. ಎಂಥ ಧಾರಾಳ ನಮ್ಮದು!