ತಟ್ಟೆಗಳ ಅಡಿಯ ಲ್ಯಾಪ್‌ಟಾಪ್

ಅಗರದ ನಮ್ಮ ಹುಳುಮನೆಗೆ ರೇಷ್ಮೆಹುಳು ನೋಡಲು ಬರುತ್ತಿದ್ದ ರೇಷ್ಮೆ ಕಂಪನಿಯ ಮೇಡಂ ತಮ್ಮ ತೆಳ್ಳನೆಯ ಲ್ಯಾಪ್‌ಟಾಪನ್ನು ಎರಡೇ ಬೆರಳಲ್ಲಿ ಎತ್ತುತ್ತಿದ್ದರು. "ಕಂಪನಿದು ಯಜಮಾನ್ರೇ. ಸಂಜೆಗಂಟ ಚಾರ್ಜ್ ನಿಲ್ತದೆ, ಬಿಸ್ಲಲ್ಲಿ ಮಾತ್ರ ಏನೂ ಕಾಣಕಿಲ್ಲ," ಎಂದು ಸೆರಗು ಅಡ್ಡ ಹಿಡಿದು ಓದುತ್ತಿದ್ದರು.

ಒಮ್ಮೆ ಅದನ್ನು ನೆಲದ ಮೇಲಿಟ್ಟು ಕೈ ತೊಳೆಯಲು ಹೋದರು. ತೇವ ತಾಗದಂತೆ ಹುಳು ಸಾಕುವ ತಟ್ಟೆಗಳ ಅಡಿಗೆ ಹಲಗೆ ಇಡುವುದು ನಮ್ಮ ರೂಢಿ. ಮಬ್ಬಿನಲ್ಲಿ ಹಲಗೆಯೆಂದುಕೊಂಡು ಅದರ ಮೇಲೆಯೇ ತಟ್ಟೆಗಳನ್ನು ಪೇರಿಸಿಬಿಟ್ಟೆ.

ಮರಳಿ ಬಂದ ಮೇಡಂ ಹುಡುಕಿ ಹುಡುಕಿ ಸೋತರು; ಮುಖ ಬಿಳಿಚಿಕೊಂಡಿತು. "ನನ್ ಕೆಲ್ಸಾನೇ ಓಯ್ತದೆ ಕಣ್ರಿ!"

ಆಗ ಹೊಳೆಯಿತು. "ತಪ್ಪಾಯ್ತು ಕಣವ್ವ, ನಾನೇ ಅದ್ರ ಮ್ಯಾಲೆ ತಟ್ಟೆ ಪೇರಿಸ್ಬುಟ್ಟೆ," ಎಂದು ತಟ್ಟೆಗಳನ್ನು ಇಳಿಸಿದೆ.

ಮೇಡಂ ಮುಚ್ಚಳ ತೆರೆದರು. ಪರದೆ ಬೆಳಗಿತು. ಇಬ್ಬರಿಗೂ ಹೋದ ಜೀವ ಬಂದಂತಾಯಿತು.

"ಗಟ್ಟಿಯಾಗೇ ಐತೆ. ಹಲ್ಗೆ ಥರ ಇಷ್ಟು ತೆಳ್ಳಗೆ ಇರಬಾರ್ದಾಗಿತ್ತು," ಎಂದು ನಕ್ಕರು.

ಮುಂದಿನ ಸಲ ಬಂದವರೇ ಲ್ಯಾಪ್‌ಟಾಪನ್ನು ನನ್ನ ಮಡಿಲಲ್ಲಿಟ್ಟು ಹುಳು ನೋಡಲು ಹೋದರು.