ಟೈಲರಕ್ಕನ ಹೊಸ ಚಕ್ರಗಳು

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆಕೆ ಮೊಸರಿನಲ್ಲೂ ಕಲ್ಲು ಹುಡುಕುವವಳು. ಬಟ್ಟೆ ಅಂಗಡಿಯವನು ಅಳೆದು ಕೊಟ್ಟದ್ದನ್ನು ಅವನೆದುರೇ ಮತ್ತೆ ಅಳೆಯುವಳು. ಇಂಥವಳು ತನ್ನ ಎಲೆಕ್ಟ್ರಿಕ್ ಕಾರಿಗೆ ಬೇರೆ ಕಂಪನಿಯ ಅಲಾಯ್ ಚಕ್ರ ಹಾಕಿಸಿದ ದಿನ ಮೆಕ್ಯಾನಿಕ್‌ನ ಪಕ್ಕದಿಂದ ಕದಲಲೇ ಇಲ್ಲ. ಚಕ್ರದ ನಡುವಿನ ತೂತು ಕೊಂಚ ದೊಡ್ಡದಿದ್ದುದರಿಂದ ಅವನು ಒಂದೊಂದಕ್ಕೂ ಸರಿಯಳತೆಯ ಉಂಗುರ ಕೂರಿಸಿ, ನಟ್ಟುಗಳನ್ನು ಬಿಗಿದ.

“ನೂರು ಕಿಲೋಮೀಟರ್ ಓಡಿಸಿ ಮತ್ತೆ ಬನ್ನಿ ಅಕ್ಕಾ,” ಎಂದ.

ಮತ್ತೆ ಯಾಕೆ? ಬೇಕೆಂದೇ ಸಡಿಲ ಬಿಟ್ಟಿರಬೇಕು ಎಂದುಕೊಂಡ ಆಕೆ, ಮನೆಗೆ ಬಂದವಳೇ ಪ್ರತಿ ನಟ್ಟಿನಿಂದ ಚಕ್ರದವರೆಗೆ ಉಗುರುಬಣ್ಣದಲ್ಲಿ ಗೆರೆ ಎಳೆದಳು.

ನೂರು ಕಿಲೋಮೀಟರ್ ಓಡಿಸಿ ಹೋದಾಗ ಅವನು ಟಾರ್ಕ್ ರೆಂಚ್ ಹಿಡಿದ. ನಟ್ಟು ಸರಿಯಾಗಿ ಬಿಗಿಯಾದರೆ ಆ ರೆಂಚ್ ‘ಟಕ್’ ಎನ್ನುತ್ತದೆ. ಹಾಗೆನ್ನುವ ಮೊದಲು ಎರಡು ನಟ್ಟುಗಳು ಕೂದಲೆಳೆಯಷ್ಟು ತಿರುಗಿದವು.

“ಸಿಕ್ಕಿಬಿದ್ರಲ್ಲ! ಗೆರೆ ಜರುಗಿತು ನೋಡಿ.”

“ಹೊಸ ಚಕ್ರ ಅಲ್ವಾ ಅಕ್ಕಾ, ಓಡಿದ ಮೇಲೇ ಸರಿಯಾಗಿ ಕೂರೋದು. ಬ್ಯಾಟರಿ ಕಾರು ಬೇರೆ, ಭಾರ ಜಾಸ್ತಿ. ಅದಕ್ಕೇ ಬರೋಕೆ ಹೇಳಿದ್ದು,” ಎಂದು ನಕ್ಕ ಅವನು ದುಡ್ಡೂ ಕೇಳಲಿಲ್ಲ.

ಪುಕ್ಕಟೆ ಕೆಲಸ ಕಂಡು ಆಕೆಯ ಅನುಮಾನ ಇನ್ನೂ ಹೆಚ್ಚಿತು. ನೆಟ್ಟಗೆ ಪಕ್ಕದ ಬೀದಿಯ ಇನ್ನೊಂದು ಗ್ಯಾರೇಜಿಗೆ ಹೋದಳು. ಅಲ್ಲಿನ ಮುದುಕ ಇಪ್ಪತ್ತು ನಟ್ಟುಗಳನ್ನೂ ಪರೀಕ್ಷಿಸಿದ, ಒಂದೂ ಅಲುಗಲಿಲ್ಲ.

“ಯಾರಮ್ಮಾ ಹಾಕಿದ್ದು? ಬೆರಳಿಟ್ಟು ತೋರಿಸೋಕೆ ಒಂದು ತಪ್ಪಿಲ್ಲ.”

ಟೈಲರಕ್ಕನ ಮನಸ್ಸು ಹಗುರಾಯಿತು. ಕಾರು ಹತ್ತಿ ಹೊರಟವಳು, ಯಾಕೋ ನಿಲ್ಲಿಸಿ, ಕಿಟಕಿ ಇಳಿಸಿ ಕೇಳಿದಳು: “ಅಲ್ಲಾ, ಇದನ್ನು ಹಾಕಿದ ಪಕ್ಕದ ಬೀದಿಯವರು ನಿಮಗೆ ಏನಾಗಬೇಕು?”