ತಲೆಗೆ ನೀರು ಹಾಕಿಕೊಳ್ಳದೆ ಬಂದ ದಿನ

ಅಕ್ಷರ ಸೊಟ್ಟಗಿವೆ, ಮಾತುಗಳೂ ಅಷ್ಟು ಚೆನ್ನಾಗಿಲ್ಲ, ಓದುವವರು ಮನ್ನಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ಕೈ ಇದು. ನಮ್ಮ ಕೇರಿಯ ಅಂಜಲಿಯಕ್ಕನ ವಿಷಯದಲ್ಲಿ ಒಂದು ಮಾತೂ ಹೆಚ್ಚುಕಮ್ಮಿ ಆಗಬಾರದೆಂದು ತಿದ್ದಿ ತಿದ್ದಿ ಬರೆದದ್ದು.

ಅಂಜಲಿಯಕ್ಕ ದುರ್ಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಹೊಳಲ್ಕೆರೆಗೆ ಬಂದ ವರ್ಷವೇ ಅವಳಿಗೆ ನೈಟ್ ಡ್ಯೂಟಿ ಬಿತ್ತು. ಕೇರಿಯವರು ದೀಪ ಹಚ್ಚುವಾಗ ಅವಳು ತಲೆ ಬಾಚಿಕೊಂಡು ಬಸ್ಸಿಗೆ ಹೋಗುವಳು. ಅಂಗಳ ಗುಡಿಸುವ ಹೊತ್ತಿಗೆ ಕೆಂಪು ಕಣ್ಣು ಮಾಡಿಕೊಂಡು ಬಂದಿಳಿಯುವಳು. ಮೊದಮೊದಲು ಹಗಲಲ್ಲಿ ನಿದ್ದೆ ಹತ್ತಲಿಲ್ಲ, ಉಂಡದ್ದು ಮೈಗೆ ಹಿಡಿಯಲಿಲ್ಲ. ಒಮ್ಮೆ ಸಂಜೆ ಎದ್ದವಳು ಬೆಳಗಾಯಿತೆಂದುಕೊಂಡು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಳು, ಕೇರಿಯೇ ನಕ್ಕಿತು. ಆಮೇಲೆ ಗಂಡ ನಾಗಭೂಷಣ, ತನ್ನಪ್ಪ ಕುರಿ ಕಾಯುವಾಗ ಹೊದೆಯುತ್ತಿದ್ದ ಕರಿಕಂಬಳಿಯನ್ನು ತಂದು ಕಿಟಕಿಗೆ ಇಳಿಬಿಟ್ಟ. ಆ ಕತ್ತಲಲ್ಲಿ, ಕುರಿಯ ವಾಸನೆಯಲ್ಲಿ, ಅವಳಿಗೆ ಹೇಗೋ ನಿದ್ದೆ ಬರತೊಡಗಿತು.

ಅತ್ತೆ ಏಕನಾಥಮ್ಮ ಒಳ್ಳೆಯವರು. ಸೊಸೆ ಮಲಗಿದ್ದಾಗ ಲೋಟವನ್ನೂ ಸದ್ದಾಗದಂತೆ ಇಡುವರು. ಅವರದು ಒಂದೇ ಕಟ್ಟಳೆ. ರಾತ್ರಿ ವಾರ್ಡಿನಲ್ಲಿ ಯಾರಾದರೂ ತೀರಿಹೋಗಿದ್ದರೆ ಸೊಸೆ ನೇರ ಹೊಸ್ತಿಲು ದಾಟುವಂತಿಲ್ಲ. ಪಕ್ಕದ ಸಂದಿಯಿಂದ ಹಿತ್ತಲ ಬಚ್ಚಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಆಸ್ಪತ್ರೆಯಲ್ಲಿ ಸೋಪು ಹಚ್ಚಿ ಕೈ ತೊಳೆದದ್ದು ಅವರ ಲೆಕ್ಕಕ್ಕಿಲ್ಲ. ಅದಕ್ಕೆಂದೇ ಹಂಡೆಯಲ್ಲಿ ನೀರು ಕಾಯಿಸಿಟ್ಟಿರುವರು. ಅಂಜಲಿಯಕ್ಕ ಎದುರಾಡಲಿಲ್ಲ. ಆ ನೀರು ಬಿದ್ದ ಮೇಲೆಯೇ ಸತ್ತವರ ಮುಖ ಕಣ್ಣಿಂದ ಸ್ವಲ್ಪ ಸರಿಯುತ್ತದೆ ಎನ್ನುತ್ತಿದ್ದಳು.

ಹಾಗಾಗಿ ಅವಳು ಸಂದಿಗೆ ತಿರುಗಿದಳೆಂದರೆ ಯಾರೋ ಹೋದರೆಂದು ಕೇರಿಗೆಲ್ಲ ತಿಳಿಯುತ್ತಿತ್ತು.

ಎದುರು ಮನೆಯ ಕೆಂಚಕ್ಕನ ಗಂಡ ರಂಗಪ್ಪಜ್ಜನಿಗೆ ಉಬ್ಬಸ ಹೆಚ್ಚಾಗಿ ಅದೇ ವಾರ್ಡಿಗೆ ಸೇರಿಸಿದರು. ಮಗ ಜುಂಜೇಶ್ ಜೊತೆಗಿದ್ದ. ಮಂಡಿನೋವಿನ ಕೆಂಚಕ್ಕ ಬಸ್ಸು ಹತ್ತಲಾರದೆ ಮನೆಯಲ್ಲೇ ಉಳಿದಳು. ಮಗ ಫೋನಿನಲ್ಲಿ ಹೇಳುವುದನ್ನು ಅವಳು ನಂಬುತ್ತಿರಲಿಲ್ಲ. ಅವಳು ನಂಬುತ್ತಿದ್ದುದು ಅಂಜಲಿಯಕ್ಕನ ಹೆಜ್ಜೆಯನ್ನು. ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಕಾಯುವಳು. ಅಂಜಲಿಯಕ್ಕ ನೇರ ಬಾಗಿಲಿಗೆ ಹೋದರೆ, "ಬಂತು ನೋಡ್ರಿ ನಮ್ಮ ಕೇರಿ ಗೂಬೆ" ಎಂದು ನಗುವಳು. ಸಂದಿಗೆ ತಿರುಗಿದರೆ ಎದೆ ಹಿಡಿದುಕೊಂಡು ಎದ್ದು ನಿಲ್ಲುವಳು. "ಅಜ್ಜ ಅಲ್ಲ ಕೆಂಚಕ್ಕ, ಬೇರೆಯವ್ರು" ಎಂದು ಅಂಜಲಿಯಕ್ಕ ಹೇಳಿದ ಮೇಲೆಯೇ ಕೂರುವಳು.

ಮೊನ್ನೆ ಸೋಮವಾರ ನಸುಕಿನಲ್ಲಿ ಅಜ್ಜ ತೀರಿಕೊಂಡರು. ಅವರ ಕಣ್ಣು ಮುಚ್ಚಿದ್ದು ಅಂಜಲಿಯಕ್ಕನ ಕೈಯೇ. ಜುಂಜೇಶ್ ಅವಳಿಗೆ ಕೈ ಮುಗಿದು ಕೇಳಿಕೊಂಡ. ಅವ್ವ ಒಬ್ಬಳೇ ಇದ್ದಾಳೆ, ಹಿರಿಯೂರಿನ ಅಕ್ಕನನ್ನು ಕರೆದುಕೊಂಡು ನಾವು ಬರುವತನಕ ಹೇಳಬೇಡಿ ಎಂದ. ಅವಳು ಹೂಂ ಅಂದಳು.

ಕೇರಿಗೆ ಬಂದಾಗ ಕೆಂಚಕ್ಕ ಕಟ್ಟೆಯ ಮೇಲಿದ್ದಳು. ಸಂದಿಗೆ ತಿರುಗಿದರೆ ಬಾಯಿಬಿಟ್ಟು ಸುಳ್ಳು ಹೇಳಬೇಕು. ಅದು ಅಂಜಲಿಯಕ್ಕನಿಂದ ಆಗಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ನೇರ ಹೊಸ್ತಿಲು ದಾಟಿದಳು. ಹಿಂದಿನಿಂದ ಕೆಂಚಕ್ಕ ಗೂಬೆಯೆಂದು ನಕ್ಕದ್ದು ಕೇಳಿಸಿತು. ಈಗಲೇ ರೊಟ್ಟಿ ತಟ್ಟಿ ಮುದುಕನಿಗೆ ಯಾರ ಕೈಲಾದರೂ ಕಳಿಸುತ್ತೇನೆ ಎಂದದ್ದೂ ಕೇಳಿಸಿತು.

ಕಂಬಳಿಯ ಕತ್ತಲಲ್ಲಿ ಅಂಜಲಿಯಕ್ಕ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಎದುರು ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಬಹಳ ಹೊತ್ತು ನಡೆಯಿತು.

ಬಿಸಿಲೇರಿದಾಗ ಆಂಬ್ಯುಲೆನ್ಸ್ ಬಂತು. ಜುಂಜೇಶ್ ಇಳಿದ, ಹಿಂದೆ ಅವನ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಇಳಿದಳು. ರೊಟ್ಟಿ ಕಟ್ಟಿದ ಬಟ್ಟೆಗಂಟನ್ನು ಹಿಡಿದೇ ಕೆಂಚಕ್ಕ ಹೊರಗೆ ಬಂದಳು. ಮೊದಲು ಅವಳು ಅಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಂಜಲಿಯಕ್ಕನ ಕಡೆ ನೋಡಿದಳು.

"ನೀನು ನೆಟ್ಟಗೆ ಒಳಗೆ ಹೋದ್ಯಲ್ಲವ್ವ. ಅದನ್ನ ನೋಡಿ ನಾನು ಒಲೆ ಹಚ್ಚಿದೆ. ಒಂದು ರೊಟ್ಟಿ ನಾನೂ ತಿಂದೆ."

ಸಾವಿನ ಮನೆಯಲ್ಲಿ ನಾವು ಒಲೆ ಹಚ್ಚುವುದಿಲ್ಲ. ಗಂಡನ ಹೆಣ ದಾರಿಯಲ್ಲಿರುವಾಗ ಕೆಂಚಕ್ಕ ಹೊಟ್ಟೆ ತುಂಬಿಸಿಕೊಂಡಿದ್ದಳು.

ಏಕನಾಥಮ್ಮನಿಗೆ ಆಗ ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಸೊಸೆಯ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದರು. ಹೊಸ್ತಿಲು ಮೈಲಿಗೆ ಮಾಡಿದೆ ಅತ್ತೆ ಎಂದು ಅವಳು ಬಿಕ್ಕಿದಾಗ, "ಹೊಸ್ತಿಲು ತೊಳುದ್ರೆ ಹೋಗ್ತೈತೆ. ಬಗ್ಗು" ಎಂದು ತಾವೇ ಚೊಂಬಿನಿಂದ ತಲೆಗೆ ನೀರು ಹಾಕಿದರು. ಹಂಡೆಯ ನೀರು ಅಷ್ಟು ಹೊತ್ತಿಗೆ ಆರಿಹೋಗಿತ್ತು.

ಕೆಂಚಕ್ಕ ಈಗ ಕಟ್ಟೆಗೆ ಬರುವುದಿಲ್ಲ. ಕಂಬಳಿ ಕಿಟಕಿಯಲ್ಲೇ ಇದೆ, ಅಂಜಲಿಯಕ್ಕನಿಗೆ ಮಾತ್ರ ಮತ್ತೆ ನಿದ್ದೆ ಇಲ್ಲ. ಯಾರ ಮನೆಯಲ್ಲಿ ರೊಟ್ಟಿ ತಟ್ಟಿದರೂ ಎದ್ದು ಕೂರುತ್ತಾಳೆ. ಹಾಕಿದ್ದ ನಾಲ್ಕು ದಿನದ ರಜೆ ಇವತ್ತಿಗೆ ಮುಗಿಯಿತು, ಸಂಜೆ ಅವಳು ಡ್ಯೂಟಿಗೆ ಹೋಗುತ್ತಾಳೆ. ನಾಳೆಯಿಂದ ವಾರ್ಡಿನಲ್ಲಿ ಯಾರಾದರೂ ಸತ್ತಿರಲಿ, ಎಲ್ಲರೂ ಬದುಕಿರಲಿ, ದಿನಾ ಸಂದಿಯಿಂದಲೇ ಹೋಗಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾಳೆ.